ಭಂಗಿ ಎಂಬ ಪದದ ಜಾಡು ಹಿಡಿದು

ಪದಗಳ ಚರಿತ್ರೆಗೆ ನೀವು ಹೊಸಬರು ಎಂದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಸಂಸ್ಕೃತ ಬರಬೇಕಾಗಿಲ್ಲ, ಭಾಷಾಶಾಸ್ತ್ರದ ಪುಸ್ತಕ ಓದಿರಬೇಕಾಗಿಯೂ ಇಲ್ಲ. ಒಂದು ಕನ್ನಡ ನಿಘಂಟು ಪಕ್ಕದಲ್ಲಿದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಒಂದೇ ಒಂದು ಪದವನ್ನು ಎತ್ತಿಕೊಂಡು, ಅದು ಎಲ್ಲೆಲ್ಲಿ ಕಾಣಿಸಿಕೊಂಡಿತು, ಕಂಡಲ್ಲೆಲ್ಲ ಯಾವ ವಸ್ತುವನ್ನು ಹೆಸರಿಸಿತು ಎಂದು ನಿಧಾನವಾಗಿ ನೋಡುತ್ತ ಹೋಗೋಣ. ಆ ಪದ 'ಭಂಗಿ'.

ಭಂಗಿ ಎಂದೊಡನೆ ನಿಮಗೆ ಬೇಲೂರಿನ ಮದನಿಕೆಯರ ನಿಲುವು ನೆನಪಾಗಿರಬಹುದು, ಅಥವಾ ಯೋಗಾಸನ ಕಲಿಸುವವರು ಹೇಳುವ ಭಂಗಿ. ಊರಿನ ಹಿರಿಯರ ಬಾಯಲ್ಲಿ ಭಂಗಿಸೊಪ್ಪು ಎಂಬ ಮಾತು ಕೇಳಿದವರಿಗೆ ಬೇರೆಯೇ ಒಂದು ವಸ್ತು ನೆನಪಾಗುತ್ತದೆ: ಅಮಲು ತರುವ ಸೊಪ್ಪು. ನಿಘಂಟು ತೆರೆದರೆ ಎರಡೂ ಸಿಗುತ್ತವೆ. ಒಂದು ಭಂಗಿಗೆ ನಿಲುವು, ರೀತಿ, ಬಗೆ ಎಂಬ ಅರ್ಥ. ಇನ್ನೊಂದಕ್ಕೆ ಗಾಂಜಾ ಗಿಡ, ಅದರ ಎಲೆ ಎಂಬ ಅರ್ಥ. ಎರಡರ ಬರಹವೂ ಒಂದೇ. ಮಾತಿನಲ್ಲಿ ಎರಡೂ 'ಬಂಗಿ' ಆಗುವುದರಿಂದ ಉಚ್ಚಾರಣೆಯೂ ಒಂದೇ.

ಒಂದೇ ರೂಪದ ಎರಡು ಪದಗಳು ಎದುರಾದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಇವು ಒಂದೇ ಪದದ ಎರಡು ಅರ್ಥಗಳೋ, ಅಕಸ್ಮಾತ್ತಾಗಿ ಒಂದೇ ರೂಪಕ್ಕೆ ಬಂದ ಎರಡು ಬೇರೆ ಪದಗಳೋ? ಕನ್ನಡದಲ್ಲಿ 'ಅರಸು' ಎಂದರೆ ದೊರೆ. 'ಅರಸು' ಎಂದರೆ ಹುಡುಕು. ಮೊದಲನೆಯದು ಸಂಸ್ಕೃತದ ರಾಜನಿಂದ ಬಂದದ್ದು, ಎರಡನೆಯದು ಅಚ್ಚ ದ್ರಾವಿಡ ಕ್ರಿಯಾಪದ. ಎರಡಕ್ಕೂ ಯಾವ ನಂಟೂ ಇಲ್ಲ. ಇಂಥವನ್ನು ಸಮರೂಪಿ ಪದಗಳು ಎನ್ನುತ್ತೇವೆ. ಪದವೊಂದು ಯಾವ ಮೂಲದಿಂದ, ಯಾವ ಬದಲಾವಣೆಗಳ ಮೂಲಕ ಇಂದಿನ ರೂಪಕ್ಕೆ ಬಂತು ಎಂಬ ವಿವರಣೆಗೆ ನಿಷ್ಪತ್ತಿ ಎಂದು ಹೆಸರು. ಈ ಎರಡು ಪಾರಿಭಾಷಿಕ ಪದಗಳು ಸದ್ಯಕ್ಕೆ ಸಾಕು.

ಇನ್ನು ಗಿಡ. ಪದದ ಹಿಂದೆ ಹೋಗುವವರು ವಸ್ತುವನ್ನು ಚೆನ್ನಾಗಿ ನೋಡಿಕೊಳ್ಳದೆ ಹೊರಟರೆ ದಾರಿ ತಪ್ಪುತ್ತಾರೆ. ಸಸ್ಯಶಾಸ್ತ್ರಜ್ಞ ಲಿನೀಯಸ್ 1753ರಲ್ಲಿ ಇದಕ್ಕೆ ಕ್ಯಾನಬಿಸ್ ಸಟೈವಾ ಎಂದು ಹೆಸರಿಟ್ಟ. ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಪರಾಗವನ್ನು ಗಾಳಿ ಹೊತ್ತೊಯ್ಯುತ್ತದೆ. ಕಾಂಡದ ತೊಗಟೆಯಲ್ಲಿ ಗಟ್ಟಿಯಾದ ನಾರಿದೆ. ಬೀಜದಲ್ಲಿ ಎಣ್ಣೆಯಿದೆ, ಅದನ್ನು ತಿನ್ನಲೂಬಹುದು. ಹೆಣ್ಣು ಗಿಡದ ಹೂಗೊಂಚಲಿನ ಮೇಲೆ ಅಂಟಾದ ರಾಳ ಒಸರುತ್ತದೆ, ಅಮಲಿನ ಅಂಶ ಹೆಚ್ಚಾಗಿರುವುದು ಅಲ್ಲಿಯೇ. ನಾರು, ಬೀಜ, ಎಲೆ, ಹೂಗೊಂಚಲು, ರಾಳ ಎಂಬ ಈ ಐದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುವ ಗೊಂದಲಗಳೆಲ್ಲ, ಒಂದು ಹೆಸರು ಇವುಗಳಲ್ಲಿ ಯಾವುದನ್ನು ಹೇಳುತ್ತಿದೆ ಎಂಬುದರ ಸುತ್ತಲೇ ಇವೆ.

ಈಗ ನಿಲುವಿನ ಭಂಗಿಯ ಮೂಲ ನೋಡೋಣ. ಅದು ಸುಲಭ. ಸಂಸ್ಕೃತದಲ್ಲಿ 'ಭಂಜ್' ಎಂಬ ಧಾತುವಿದೆ. ಧಾತು ಎಂದರೆ ಪದಗಳು ಹುಟ್ಟುವ ಕ್ರಿಯಾಮೂಲ. ಭಂಜ್ ಎಂದರೆ ಮುರಿ. ಇದರ ಸಂತಾನ ಕನ್ನಡದಲ್ಲಿ ದೊಡ್ಡದು: ಭಗ್ನ, ಭಂಜನ, ಕ್ಷಣಭಂಗುರ, ತಪೋಭಂಗ, ಮೌನಭಂಗ, ಮಾನಭಂಗ. ಮುರಿದದ್ದು ಬಾಗುತ್ತದೆ, ಬಾಗಿದ್ದಕ್ಕೆ ಒಂದು ಆಕಾರ ಬರುತ್ತದೆ. ಹೀಗೆ ಭಂಗಿಗೆ ಬಾಗು, ಬಳುಕು, ನಿಲುವು, ಕೊನೆಗೆ ರೀತಿ ಎಂಬ ಅರ್ಥಗಳು ಬಂದವು. ಮೈ ಮೂರು ಕಡೆ ಬಾಗಿದ್ದು ತ್ರಿಭಂಗಿ. ಜೈನರು ಒಂದು ಸಂಗತಿಯನ್ನು ಏಳು ಬಗೆಯಲ್ಲಿ ಹೇಳಬಹುದೆಂದು ಕಲಿಸುವ ತರ್ಕಕ್ಕೆ ಸಪ್ತಭಂಗಿ ಎಂದು ಹೆಸರು. ಅಲ್ಲಿ ಬಾಗುವ ಮಾತು ಮರೆಯಾಗಿ 'ಬಗೆ' ಎಂಬುದಷ್ಟೇ ಉಳಿದಿದೆ.

ಗಿಡದ ಭಂಗಿಯೂ ಇದೇ ಧಾತುವಿನಿಂದ ಬಂದಿದೆಯೇ? ಇಲ್ಲಿ ಒಂದು ಸುಲಭದ ಉತ್ತರ ಕಾದು ನಿಂತಿದೆ. ಬುದ್ಧಿಯನ್ನು ಮುರಿಯುವುದರಿಂದ, ಮನಸ್ಸಿನ ಸ್ಥಿರತೆಗೆ ಭಂಗ ತರುವುದರಿಂದ ಅದಕ್ಕೆ ಭಂಗ, ಭಂಗಿ ಎಂಬ ಹೆಸರು ಬಂತು ಎಂದು ಅನೇಕರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಅರ್ಥವೂ ಹೊಂದಿಕೊಳ್ಳುತ್ತದೆ. ಆದರೆ ನೀವು ಇದನ್ನು ಈಗಲೇ ಒಪ್ಪಿಕೊಳ್ಳಬೇಡಿ. ಆ ಹೆಸರು ಮೊದಲು ಬಳಕೆಯಾದಾಗ ಜನ ಆ ಗಿಡದಿಂದ ಏನು ಮಾಡುತ್ತಿದ್ದರು ಎಂದು ತಿಳಿಯುವವರೆಗೆ ತಾಳಿ. ಅಮಲು ಅವರ ಗಮನದಲ್ಲೇ ಇರಲಿಲ್ಲವೆಂದಾದರೆ, ಅಮಲಿನ ಮೇಲೆ ಕಟ್ಟಿದ ನಿಷ್ಪತ್ತಿ ನಿಲ್ಲುವುದಿಲ್ಲ.

ಹಾಗಾದರೆ ಹಳೆಯ ದಾಖಲೆಗಳಿಗೆ ಹೋಗೋಣ. ಋಗ್ವೇದದ ಒಂಬತ್ತನೆಯ ಮಂಡಲದಲ್ಲಿ 'ಭಂಗ' ಎಂಬ ಪದ ಬರುತ್ತದೆ. ಆದರೆ ಅಲ್ಲಿ ಅದು ಸೋಮಕ್ಕೆ ಕೊಟ್ಟ ವಿಶೇಷಣ. ವೈರಿಗಳನ್ನು ಮುರಿಯುವವನು ಎಂದು ಅದಕ್ಕೆ ಅರ್ಥ ಹೇಳುವುದುಂಟು. ಅದನ್ನು ಗಿಡವೆಂದು ಓದಲು ಆಧಾರವಿಲ್ಲ. ಅಥರ್ವವೇದದ ಹನ್ನೊಂದನೆಯ ಕಾಂಡದಲ್ಲಿ ಸಂಗತಿ ಸ್ವಲ್ಪ ಬೇರೆ. ಸೋಮವನ್ನು ಮುಖ್ಯವಾಗಿ ಇಟ್ಟುಕೊಂಡು ಸಸ್ಯಗಳ ಐದು ರಾಜ್ಯಗಳನ್ನು ಹೇಳುವಾಗ ದರ್ಭೆ, ಯವ ಮೊದಲಾದವುಗಳ ಜೊತೆ ಭಂಗದ ಹೆಸರೂ ಬರುತ್ತದೆ. ಅವು ನಮ್ಮನ್ನು ಸಂಕಟದಿಂದ ಬಿಡಿಸಲಿ ಎಂಬುದು ಪ್ರಾರ್ಥನೆ. ಇದು ಗಿಡವೊಂದರ ಹೆಸರೇ ಎಂದು ಬಹುಮಂದಿ ಒಪ್ಪುತ್ತಾರೆ. ಆದರೆ ಅದನ್ನು ಕುಡಿದರು, ಸೇದಿದರು ಎಂಬ ಒಂದು ಮಾತೂ ಅಲ್ಲಿಲ್ಲ. ಸಂಕಟ ಪರಿಹಾರಕ್ಕೆ ದರ್ಭೆಯನ್ನೂ ಯವೆಯನ್ನೂ ಕರೆದಂತೆಯೇ ಇದನ್ನೂ ಕರೆದಿದ್ದಾರೆ. ಋಷಿಗಳು ಅಮಲಿಗಾಗಿ ಭಂಗಿ ಬಳಸುತ್ತಿದ್ದರು ಎಂಬುದಕ್ಕೆ ಈ ಸಾಲನ್ನೇ ಸಾಕ್ಷಿಯಾಗಿ ತೋರಿಸುವವರು ಸಿಕ್ಕರೆ, ಆ ಸಾಲಿನಲ್ಲಿ ಅಷ್ಟು ಮಾತಿಲ್ಲ ಎಂದು ನೀವು ಸಮಾಧಾನವಾಗಿ ಹೇಳಬಹುದು.

ನನಗೆ ಬಹಳ ಪ್ರಿಯವಾದ ಸಾಕ್ಷಿ ಮುಂದಿನದು. ವೈಯಾಕರಣ ಪಾಣಿನಿ ನಿಮಗೆ ಹೆಸರಿನಿಂದಲಾದರೂ ಗೊತ್ತಿರಬೇಕು. ಕ್ರಿಸ್ತಪೂರ್ವ ಐದು ಅಥವಾ ನಾಲ್ಕನೆಯ ಶತಮಾನದವನೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅವನ ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ಹೊಲಗಳ ಹೆಸರನ್ನು ಹೇಗೆ ಕಟ್ಟಬೇಕು ಎಂಬುದಕ್ಕೆ ಕೆಲವು ಸೂತ್ರಗಳಿವೆ. ಒಂದು ಧಾನ್ಯ ಬೆಳೆಯುವ ಹೊಲವನ್ನು ಆ ಧಾನ್ಯದ ಹೆಸರಿಗೆ ಪ್ರತ್ಯಯ, ಅಂದರೆ ಪದದ ಕೊನೆಗೆ ಅಂಟುವ ತುಣುಕು, ಸೇರಿಸಿ ಕರೆಯುವುದು ಆಗಿನ ರೂಢಿ. ಅದರಲ್ಲೊಂದು ಸೂತ್ರ ಐದು ಬೆಳೆಗಳಿಗೆ ಎರಡು ಬಗೆಯ ರೂಪಗಳೂ ಸರಿ ಎನ್ನುತ್ತದೆ. ಎಳ್ಳಿನ ಹೊಲಕ್ಕೆ 'ತಿಲ್ಯ' ಎನ್ನಬಹುದು, 'ತೈಲೀನ' ಎಂದೂ ಎನ್ನಬಹುದು. ಹಾಗೆಯೇ ಭಂಗಾ ಬೆಳೆಯುವ ಹೊಲ 'ಭಂಗ್ಯ', ಇಲ್ಲವೆ 'ಭಾಂಗೀನ'.

ಆ ಐದು ಬೆಳೆಗಳನ್ನು ಒಟ್ಟಿಗೆ ಓದಿ ನೋಡಿ: ಎಳ್ಳು, ಉದ್ದು, ಅಗಸೆ, ಭಂಗಾ, ಅಣು ಎಂಬ ಸಣ್ಣ ಧಾನ್ಯ. ಪಾಣಿನಿಗೆ ಗಿಡಗಳ ಗುಣ ಹೇಳುವ ಉದ್ದೇಶ ಎಳ್ಳಷ್ಟೂ ಇಲ್ಲ. ಅವನಿಗೆ ಬೇಕಾದದ್ದು ಪ್ರತ್ಯಯ. ಆದ್ದರಿಂದಲೇ ಈ ಸಾಕ್ಷಿಗೆ ಬೆಲೆ ಹೆಚ್ಚು. ತನಗೆ ಅರಿವಿಲ್ಲದೆಯೇ ಅವನು ಮೂರು ಸಂಗತಿಗಳನ್ನು ತಿಳಿಸಿಬಿಟ್ಟಿದ್ದಾನೆ. ಭಂಗಾ ಕಾಡಿನಿಂದ ಕಿತ್ತು ತರುತ್ತಿದ್ದ ಸೊಪ್ಪಲ್ಲ, ಹೊಲದಲ್ಲಿ ಬಿತ್ತುತ್ತಿದ್ದ ಬೆಳೆ. ಅದಕ್ಕೆಂದೇ ಹೊಲಗಳಿದ್ದವು, ಆ ಹೊಲಗಳಿಗೆ ಜನರ ಬಾಯಲ್ಲಿ ಹೆಸರಿತ್ತು. ಇನ್ನು, ಅದು ನಿಂತಿರುವುದು ಎಣ್ಣೆಬೀಜ, ನಾರು, ಕಾಳುಗಳ ಸಾಲಿನಲ್ಲಿ. ಅಗಸೆ ನಾರನ್ನೂ ಬೀಜವನ್ನೂ ಕೊಡುವ ಬೆಳೆ. ಭಂಗಾ ಅದರ ಪಕ್ಕದಲ್ಲೇ ಇದೆ.

ಇದು ಒಬ್ಬನೇ ಹೇಳಿದ್ದಲ್ಲ. ಎಷ್ಟೋ ಶತಮಾನಗಳ ಬಳಿಕ ಅಮರಸಿಂಹನು ಅಮರಕೋಶವನ್ನು ರಚಿಸಿದಾಗ ಭಂಗಾವನ್ನು ಎಲ್ಲಿ ಸೇರಿಸಿದ? ಔಷಧಿ ಸಸ್ಯಗಳಿಗೆಂದು ಅವನ ಕೋಶದಲ್ಲಿ ದೊಡ್ಡದೊಂದು ವರ್ಗವೇ ಇದೆ. ಅಲ್ಲಿ ಅಲ್ಲ, ವೈಶ್ಯವರ್ಗದಲ್ಲಿ, ಅಗಸೆ ಮತ್ತು ಅಣುವಿನ ನೆರೆಯಲ್ಲೇ ಅದನ್ನು ಇಟ್ಟಿದ್ದಾನೆ. ಹೊಲ, ಧಾನ್ಯ, ವ್ಯಾಪಾರದ ಪದಗಳು ಬರುವ ಭಾಗ ಅದು.

ಇನ್ನೂ ಒಂದು ಸಾಕ್ಷಿ ಬೌದ್ಧರ ವಿನಯಪಿಟಕದಲ್ಲಿದೆ. ಭಿಕ್ಷುಗಳು ಉಡಬಹುದಾದ ಆರು ಬಗೆಯ ಬಟ್ಟೆಗಳನ್ನು ಅದು ಪಾಲಿ ಭಾಷೆಯಲ್ಲಿ ಹೆಸರಿಸುತ್ತದೆ: ಖೋಮ, ಕಪ್ಪಾಸಿಕ, ಕೋಸೇಯ್ಯ, ಕಂಬಲ, ಸಾಣ, ಭಂಗ. ಕನ್ನಡದವರಿಗೆ ಇವುಗಳಲ್ಲಿ ಹೆಚ್ಚಿನವು ಪರಿಚಿತವೇ. ಖೋಮ ಎಂದರೆ ಕ್ಷೌಮ, ಅಗಸೆನಾರಿನ ಬಟ್ಟೆ. ಕಪ್ಪಾಸಿಕ ಹತ್ತಿಯದು, ಕೋಸೇಯ್ಯ ರೇಷ್ಮೆ, ಕಂಬಲ ನಮ್ಮ ಕಂಬಳಿ. ಸಾಣ ಶಣದ ನಾರಿನದು. ನಮ್ಮ 'ಸೆಣಬು' ಈ ಶಣದ ನಂಟನ್ನೇ ಹೊತ್ತಿದೆ. ಕೊನೆಯದು ಭಂಗ. ಬೇರೆ ಬೇರೆ ನೂಲುಗಳನ್ನು ಬೆರೆಸಿ ನೇಯ್ದ ಬಟ್ಟೆಯೂ ಭಂಗವೇ ಎಂದು ಮುಂದಿನ ವ್ಯಾಖ್ಯಾನಕಾರರು ಹೇಳಿದ್ದುಂಟು. ಆದ್ದರಿಂದ ಇಲ್ಲಿ ಸ್ವಲ್ಪ ಎಚ್ಚರ ಬೇಕು. ಆದರೂ ಪಾಣಿನಿಯ ಹೊಲವನ್ನು ಈ ಬಟ್ಟೆಯ ಜೊತೆ ಇಟ್ಟು ನೋಡಿದರೆ, ಭಂಗಾ ಎಂದರೆ ಮೊದಲಿಗೆ ನಾರಿನ ಬೆಳೆ ಎಂಬ ಚಿತ್ರವೇ ಮೂಡುತ್ತದೆ. ಅಮಲಿಗೂ ಭಿಕ್ಷುಗಳಿಗೂ ಆಗಿಬರುತ್ತಿರಲಿಲ್ಲ. ಅಮಲು ಕೂಡದೆಂಬುದು ಅವರು ಪಾಲಿಸುತ್ತಿದ್ದ ಶೀಲಗಳಲ್ಲಿ ಒಂದು. ಆದರೂ ಭಂಗದ ಬಟ್ಟೆಗೆ ಆಕ್ಷೇಪವಿರಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಹಿಂದಿರುಗಿ. 'ಬುದ್ಧಿಗೆ ಭಂಗ ತರುವುದೇ ಭಂಗಿ' ಎಂಬ ವಿವರಣೆ ಎಲ್ಲಿ ಸೋಲುತ್ತದೆ ಎಂದು ನಿಮಗೇ ಕಾಣುತ್ತದೆ. ಹೆಸರು ಮೊದಲು ಬಂತು. ಅಮಲಿನ ಮಾತು ಬಹಳ ತಡವಾಗಿ ಬಂತು. ಭಂಜ್ ಧಾತುವಿನಿಂದಲೇ ಈ ಹೆಸರು ಬಂದಿದ್ದರೂ, ನಾರು ಬಿಡಿಸಲು ಕಾಂಡವನ್ನು ಮುರಿದು ಜಜ್ಜಬೇಕಾಗುತ್ತದೆ ಎಂಬ ದಾರಿ ಅದಕ್ಕಿಂತ ಹೆಚ್ಚು ನಂಬುವಂಥದ್ದು. ವಿದ್ವಾಂಸರಲ್ಲಿ ಇದಕ್ಕೂ ಪೂರ್ಣ ಒಪ್ಪಿಗೆ ಸಿಕ್ಕಿಲ್ಲ, ಅದನ್ನೂ ಹೇಳಿಬಿಡಬೇಕು.

ಅಮಲಿನ ಅರ್ಥ ಯಾವಾಗ ಕಾಣಿಸಿತು? ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಭಂಗಾ ಖಚಿತವಾಗಿ ಮದ್ದಾಗಿ ಬರುವುದು ಸುಮಾರು 11, 12ನೆಯ ಶತಮಾನಗಳಿಂದ ಈಚೆಗೆ ಎಂದು ಆಯುರ್ವೇದದ ಇತಿಹಾಸ ಬರೆದವರು ತೋರಿಸಿದ್ದಾರೆ. 1300ರ ಆಸುಪಾಸಿನ ಶಾರ್ಙ್ಗಧರಸಂಹಿತೆಯಲ್ಲಿ ಭಂಗಾ ಅಫೀಮಿನ ಜೊತೆಗೂಡಿ ಬರುತ್ತದೆ. ಜೀರ್ಣವಾಗುವ ಮೊದಲೇ ಮೈತುಂಬ ಹರಡುವ ದ್ರವ್ಯಕ್ಕೆ ಆ ಗ್ರಂಥ 'ವ್ಯವಾಯಿ' ಎಂಬ ಹೆಸರು ಕೊಟ್ಟು, ಉದಾಹರಣೆಯಾಗಿ ಈ ಎರಡನ್ನೇ ಹೇಳುತ್ತದೆ. ಎಳ್ಳು, ಉದ್ದು, ಅಗಸೆಯ ಸಾಲಿನಲ್ಲಿದ್ದದ್ದು ಅಫೀಮಿನ ಪಕ್ಕಕ್ಕೆ ಬಂದು ನಿಂತಿತು. ಅಕ್ಷರ ಒಂದೂ ಬದಲಾಗದೆ, ನಾರಿನಿಂದ ಎಲೆ-ಹೂಗಳ ಕಡೆಗೆ ಪದದ ಬೆರಳು ತಿರುಗಿತು.

ಇದೇ ಹೊತ್ತಿನಲ್ಲಿ ಪಶ್ಚಿಮದ ಕಡೆಗೂ ಕಣ್ಣು ಹಾಯಿಸಬೇಕು. ಇರಾನಿನ ಪುರಾತನ ಅವೆಸ್ತಾ ಭಾಷೆಯಲ್ಲಿ 'ಬಂಗ್ಹ' ಎಂಬ ಪದವಿದೆ, ಅದು ಸಂಸ್ಕೃತದ ಭಂಗದ ಸೋದರ ರೂಪ ಎಂದು ಬಹುಕಾಲದಿಂದ ಹೇಳುತ್ತಾರೆ. ಮುಂದೆ ಪರ್ಷಿಯನ್ನಿನಲ್ಲಿ ಅದು 'ಬಂಗ್' ಆಯಿತು, ಅಲ್ಲಿಂದ ಅರಬ್ಬಿಗೆ ಹೋಗಿ 'ಬಂಜ್' ಆಯಿತು. ಅರಬ್ಬಿಯಲ್ಲಿ ಗ ಧ್ವನಿ ಇಲ್ಲದ್ದರಿಂದ ಎರವಲು ಪದಗಳಲ್ಲಿ ಗ ಬಂದ ಕಡೆ ಜ ಆಗುವುದು ಸಾಮಾನ್ಯ.

ಆದರೆ ಅರಬ್ಬಿಯ ಬಂಜ್ ನಮ್ಮ ಭಂಗಿಯಲ್ಲ. ಅದು ಹೆನ್‌ಬೇನ್ ಎಂಬ ಬೇರೆಯದೇ ವಿಷದ ಗಿಡ, ದತ್ತೂರಿಯ ಕುಟುಂಬದ್ದು. ಅದರ ಗುಣ ಮತಿಭ್ರಮೆ, ಮಂಪರು, ಪ್ರಜ್ಞೆ ತಪ್ಪುವುದು. ಭಂಗಿ ಗಿಡಕ್ಕೆ ಅರಬ್ಬಿಯಲ್ಲಿ ಬೇರೆ ಪದಗಳಿವೆ: 'ಕಿನ್ನಬ್', ಮತ್ತು ಹುಲ್ಲು ಎಂಬ ಅರ್ಥದ 'ಹಶೀಶ್'. ಇಂಗ್ಲಿಷಿನಲ್ಲಿ ಸಾವಿರದ ಒಂದು ರಾತ್ರಿಗಳನ್ನು ಓದಿದವರಿಗೆ ಒಂದು ದೃಶ್ಯ ನೆನಪಿರಬಹುದು: ಯಾರಿಗೋ ಪಾನೀಯದಲ್ಲಿ ಏನೋ ಬೆರೆಸಿ ಕೊಡುತ್ತಾರೆ, ಅವನು ಆ ಕ್ಷಣವೇ ಮರದ ಕೊರಡಿನಂತೆ ಬೀಳುತ್ತಾನೆ. ಅನುವಾದಕ ರಿಚರ್ಡ್ ಬರ್ಟನ್ ಅದನ್ನು ಭಂಗ್ ಎಂದು ಬರೆದ. ಮೂಲದಲ್ಲಿರುವುದು ಬಂಜ್. ಭಂಗಿ ಕುಡಿದವರು ಹಾಗೆ ತಟ್ಟನೆ ಬೀಳುವುದಿಲ್ಲ. ಧ್ವನಿಸಾಮ್ಯ ಅನುವಾದಕನ ಕಣ್ಣು ಕಟ್ಟಿತು. ಇಂದಿನ ಅರಬ್ಬಿ ಮಾತಿನಲ್ಲಿ ಬಂಜ್ ಎಂದರೆ ಶಸ್ತ್ರಚಿಕಿತ್ಸೆಗೆ ಮೊದಲು ಕೊಡುವ ಅರಿವಳಿಕೆ. ಕೊಲ್ಲಿ ದೇಶಗಳ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ನಮ್ಮ ಕರಾವಳಿಯ ದಾದಿಯರಿಗೆ ಈ ಪದ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ಕ್ಯಾನಬಿಸ್ ಎಂಬ ಹೆಸರು. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ, ಶಕರು ಕಾದ ಕಲ್ಲುಗಳ ಮೇಲೆ ಇದರ ಬೀಜ ಎರಚಿ ಹೊಗೆ ತೆಗೆದುಕೊಳ್ಳುತ್ತಿದ್ದುದನ್ನು ಬರೆದಿದ್ದಾನೆ. ಗ್ರೀಕರ 'ಕನ್ನಬಿಸ್' ಮತ್ತು ಇಂಗ್ಲಿಷಿನ 'ಹೆಂಪ್' ಒಂದೇ ಪದ ಎಂದರೆ ನೀವು ನಂಬುತ್ತೀರಾ? ನಂಬಿಸುವ ಕೆಲಸವನ್ನು ಕನ್ನಡವೇ ಮಾಡುತ್ತದೆ. ಹಳಗನ್ನಡದ ಪಾಲ್, ಪೂ, ಪುಲಿ, ಪೆಸರ್ ನಡುಗನ್ನಡದ ಹೊತ್ತಿಗೆ ಹಾಲು, ಹೂ, ಹುಲಿ, ಹೆಸರು ಆದವು. ಒಂದೆರಡು ಪದಗಳಲ್ಲಷ್ಟೇ ಅಲ್ಲ, ಸಾಲುಸಾಲಾಗಿ, ಒಂದು ನಿಯಮಕ್ಕೆ ಒಳಪಟ್ಟು. ಇಂಗ್ಲಿಷ್ ಸೇರಿದ ಜರ್ಮಾನಿಕ್ ಭಾಷೆಗಳಲ್ಲಿ ಹೀಗೆಯೇ ಹಳೆಯ ಕ ಧ್ವನಿ ಹ ಆಯಿತು, ಬ ಧ್ವನಿ ಪ ಆಯಿತು. ಕನ್ನಬ್ ಎಂಬಲ್ಲಿ ಕ ಇದ್ದ ಕಡೆ ಹ ಇಡಿ, ಬ ಇದ್ದ ಕಡೆ ಪ ಇಡಿ. 'ಹನಪ್', ಅಲ್ಲಿಂದ ಹೆಂಪ್. ಕಿವಿಗೆ ಚೂರೂ ಹೋಲದ ಎರಡು ಪದಗಳು ಹೀಗೆ ನಂಟರಾಗುತ್ತವೆ. ಕಿವಿಗೆ ಹೆಚ್ಚುಕಡಿಮೆ ಒಂದೇ ಆಗಿ ಕೇಳುವ ಬಂಜ್ ಮತ್ತು ಭಂಗ್ ಬೇರೆ ಗಿಡಗಳನ್ನು ಹೇಳುತ್ತವೆ. ಚಿತ್ರ ಬರೆಯುವ ಕ್ಯಾನ್ವಾಸ್ ಕೂಡ ಕ್ಯಾನಬಿಸ್‌ನ ಬಳಗದ್ದೇ. ಆ ಬಟ್ಟೆಯನ್ನು ಮೊದಲು ನೇಯುತ್ತಿದ್ದದ್ದು ಈ ನಾರಿನಿಂದ.

ಗೋವಾ ನಮಗೆ ನೆರೆಮನೆ. ಅಲ್ಲಿಗೂ ಒಮ್ಮೆ ಹೋಗಿ ಬರೋಣ. 1534ರಲ್ಲಿ ಅಲ್ಲಿಗೆ ಬಂದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾ ಭಾರತದ ಮದ್ದುಗಿಡಗಳ ಮೇಲೆ ಬರೆದ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಪುಸ್ತಕವಿಡೀ ಪ್ರಶ್ನೋತ್ತರದ ರೂಪದಲ್ಲಿದೆ. 'ಬಂಗ್' ಕುರಿತ ಮಾತುಕತೆಯಲ್ಲಿ, ಇದು ನಮ್ಮ ಯುರೋಪಿನ ನಾರುಗಿಡವೇ ಅಲ್ಲವೇ ಎಂದು ಜೊತೆಗಾರ ಕೇಳುತ್ತಾನೆ. ಅಲ್ಲ ಎನ್ನುತ್ತಾನೆ ಓರ್ಟಾ. ಇದರ ಬೀಜ ಚಿಕ್ಕದು, ಅಷ್ಟು ಬೆಳ್ಳಗಿಲ್ಲ, ಕಾಂಡದಲ್ಲಿ ಆ ಬಗೆಯ ತೊಗಟೆಯಿಲ್ಲ ಎಂಬುದು ಅವನ ಕಾರಣ. ಬೀಜ, ಕಾಂಡ ಎರಡನ್ನೂ ಕೈಯಲ್ಲಿ ಹಿಡಿದು ನೋಡಿದವನು ಆಡುವ ಮಾತು ಇದು. ಒಂದು ಜಾತಿಯೊಳಗಿನ ಎರಡು ತಳಿಗಳ ಅಂತರ ಅವನಿಗೆ ಎರಡು ಗಿಡಗಳ ಅಂತರವಾಗಿ ಕಂಡಿತು. 1785ರಲ್ಲಿ ಲಮಾರ್ಕ್ ಎಂಬ ಫ್ರೆಂಚ್ ವಿಜ್ಞಾನಿ ಭಾರತದ ಗಿಡಕ್ಕೆ ಕ್ಯಾನಬಿಸ್ ಇಂಡಿಕಾ ಎಂದು ಬೇರೆ ಹೆಸರೇ ಕೊಟ್ಟ. ಎರಡೂ ಒಂದೇ ಜಾತಿಯೋ ಅಲ್ಲವೋ ಎಂಬ ಚರ್ಚೆ ಇಂದಿಗೂ ನಡೆದಿದೆ. ಹೆಸರು ಮಾತ್ರ ಹಿಂದೂ ಮಹಾಸಾಗರ ದಾಟಿತು. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ಈ ಗಿಡಕ್ಕೆ ಇಂದಿಗೂ 'ಬಂಗಿ' ಎಂದೇ ಹೆಸರು.

ಜೊತೆಗಾರ ಪದವಾದ ಗಾಂಜಾ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಸಂಸ್ಕೃತದ 'ಗಂಜಾ' ಈ ಗಿಡಕ್ಕೂ ಹೆಸರು, ಹೆಂಡದಂಗಡಿಗೂ ಹೆಸರು. ಕಲಬುರಗಿ, ರಾಯಚೂರಿನವರು ಕೃಷಿ ಮಾರುಕಟ್ಟೆಗೆ 'ಗಂಜ್' ಎನ್ನುತ್ತಾರಲ್ಲ, ಅದು ಪರ್ಷಿಯನ್ನಿನ ಗಂಜ್, ಅಂದರೆ ಭಂಡಾರ. ರೂಪ ಹತ್ತಿರವಿದೆ ಎಂದು ಗಂಜ್‌ಗೂ ಗಾಂಜಾಕ್ಕೂ ಗಂಟು ಹಾಕಬೇಡಿ. ಬಂಜ್ ಕಲಿಸಿದ ಪಾಠ ಇಲ್ಲಿಗೂ ಸಲ್ಲುತ್ತದೆ. 1845ರ ಮೇ ತಿಂಗಳಲ್ಲಿ ಭಾರತದ ಕೂಲಿಯಾಳುಗಳ ಮೊದಲ ಹಡಗು ಜಮೈಕಾ ಮುಟ್ಟಿತು. ಕಬ್ಬಿನ ತೋಟಗಳಿಗೆ ಹೋದ ಆ ಜನರ ಮಾತಿನಿಂದ ಗಾಂಜಾ ಎಂಬ ಪದ ಅಲ್ಲಿ ನೆಲೆಯೂರಿ, ಮುಂದೆ ರಸ್ತಫಾರಿಗಳ ಧರ್ಮದ ಮಾತಾಯಿತು, ಅವರ ಹಾಡುಗಳ ಮೂಲಕ ಲೋಕಕ್ಕೆಲ್ಲ ಗೊತ್ತಾಯಿತು. ಥಾಯ್ ಭಾಷೆಯ 'ಕಂಚಾ' ಕೂಡ ಇದೇ ಪದ.

'ವಿಜಯಾ' ಎಂಬ ಇನ್ನೊಂದು ಹೆಸರಿನಲ್ಲಿ ಅಪಾಯವೇ ಇದೆ. ಈಚಿನ ಆಯುರ್ವೇದ ಗ್ರಂಥಗಳಲ್ಲಿ ವಿಜಯಾ ಎಂದರೆ ಭಂಗಿ. ಆದರೆ ಅಳಲೆಕಾಯಿಯ ಏಳು ಬಗೆಗಳಲ್ಲಿ ಒಂದಕ್ಕೂ ವಿಜಯಾ ಎಂದೇ ಹೆಸರು. ಗ್ರಂಥದ ಕಾಲ ತಿಳಿಯದೆ ಔಷಧಯೋಗವೊಂದನ್ನು ಓದಿದರೆ ಅಳಲೆಕಾಯಿ ಹಾಕಬೇಕಾದಲ್ಲಿ ಭಂಗಿ ಹಾಕಿದಂತಾಗುತ್ತದೆ. ಪದದ ಚರಿತ್ರೆ ಬರೀ ಪಂಡಿತರ ಹವ್ಯಾಸ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಈ ಉದಾಹರಣೆ ಕೊಡುತ್ತೇನೆ.

ನಮ್ಮ ನಾಡಿನಲ್ಲಿ ಭಂಗಿ ಸಾಹಿತ್ಯಕ್ಕೂ ಬಂದಿದೆ. ಶಿಶುನಾಳ ಷರೀಫರ ಗುಡುಗುಡಿಯ ತತ್ವಪದ ನೀವು ಕೇಳಿರುತ್ತೀರಿ. ಗುಡುಗುಡಿ ಎಂದರೆ ಹುಕ್ಕಾ. ಅಲ್ಲಿ ದೇಹ, ಮನಸ್ಸು, ಬುದ್ಧಿಗಳನ್ನೆಲ್ಲ ಸೇದುವ ಸಲಕರಣೆಗಳಾಗಿ ಕಂಡು, ಮೋಹವನ್ನೇ ಕೊಚ್ಚಿ ಸುಡಬೇಕಾದ ಭಂಗಿ ಮಾಡಿದ್ದಾರೆ. ಎಲೆಯನ್ನು ಸಣ್ಣಗೆ ಕೊಚ್ಚಿ ಚಿಲುಮೆಗೆ ತುಂಬಿ ಬೆಂಕಿ ಕೊಡುವ ಕ್ರಮ ಕೇಳುಗರಿಗೆ ದಿನನಿತ್ಯದ್ದಾಗಿದ್ದರೆ ಮಾತ್ರ ಈ ರೂಪಕ ತಟ್ಟುತ್ತದೆ. 1819ರಿಂದ 1889ರವರೆಗೆ ಬಾಳಿದ ಷರೀಫರ ಸೀಮೆಯಲ್ಲಿ ಭಂಗಿ ಸೇದುವ ವಸ್ತುವಾಗಿತ್ತು ಎಂಬುದನ್ನು ಇದರಿಂದ ತಿಳಿಯುತ್ತೇವೆ. ಹಿಂದಿಯವರಿಗಾದರೋ ಭಾಂಗ್ ಎಂದರೆ ಸೇದುವುದಲ್ಲ, ಎಲೆ ಅರೆದು ಹಾಲಿಗೆ ಬೆರೆಸಿ ಕುಡಿಯುವುದು. ಕಾಶಿಯ ಭಾಂಗಿಗೂ ಶಿಶುನಾಳದ ಭಂಗಿಗೂ ಇರುವ ಈ ವ್ಯತ್ಯಾಸವನ್ನು ಗಮನಿಸಿ.

ಪಂಜಾಬಿನಲ್ಲಿ ಈ ಪದ ಒಂದು ಪಂಗಡದ ಹೆಸರೇ ಆಯಿತು. 18ನೆಯ ಶತಮಾನದ ಸಿಖ್ಖರ ಪಡೆಗಳಲ್ಲಿ ಪ್ರಬಲವಾಗಿದ್ದ ಭಂಗಿ ಮಿಸಲ್‌ಗೆ, ಅದರ ನಾಯಕರ ಭಂಗಿಪ್ರೀತಿಯಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ಲಾಹೋರ್ ವಸ್ತುಸಂಗ್ರಹಾಲಯದ ಮುಂದಿರುವ ಜಮ್‌ಜಮಾ ಎಂಬ ದೊಡ್ಡ ಫಿರಂಗಿ ಕೆಲಕಾಲ ಇವರ ಕೈಯಲ್ಲಿತ್ತು. ಅದಕ್ಕೆ 'ಭಂಗಿಯರ ತೋಪು' ಎಂಬ ಹೆಸರು ಇವತ್ತಿಗೂ ಇದೆ.

ಇಷ್ಟೆಲ್ಲ ಹರಡಿದ ಪದಕ್ಕೆ ಆಡಳಿತ ಗೆರೆ ಹಾಕಲು ಹೊರಟದ್ದು 1893ರಲ್ಲಿ. ಆ ವರ್ಷ ಬ್ರಿಟಿಷ್ ಸರ್ಕಾರ ನೇಮಿಸಿದ ಭಾರತೀಯ ಗಾಂಜಾ ಮದ್ದುಗಳ ಆಯೋಗ ಪ್ರಾಂತ್ಯ ಪ್ರಾಂತ್ಯ ಸುತ್ತಿ 1,193 ಸಾಕ್ಷಿಗಳ ಮಾತು ಕೇಳಿ ಮರುವರ್ಷ ವರದಿ ಕೊಟ್ಟಿತು. ಹೆಸರುಗಳು ಊರಿಂದೂರಿಗೆ ಕಲೆಸಿಹೋಗಿರುವುದನ್ನು ಕಂಡು ಅದು ಮೂರು ಗುಂಪು ಮಾಡಿತು: ಒಣಗಿದ ಎಲೆ ಭಂಗ್, ಬೇಸಾಯ ಮಾಡಿದ ಹೆಣ್ಣು ಗಿಡದ ಒಣ ಹೂಗೊಂಚಲು ಗಾಂಜಾ, ರಾಳ ಚರಸ್. ಮೊದಲಿಗೆ ನೆನಪಿಟ್ಟುಕೊಳ್ಳಿ ಎಂದೆನಲ್ಲ, ಆ ಐದು ಭಾಗಗಳಲ್ಲಿ ಮೂರು ಇಲ್ಲಿ ಬಂದವು.

ಈ ವಿಂಗಡಣೆ ಇಂದಿನ ಕಾನೂನಿನಲ್ಲಿ ಜೀವಂತವಾಗಿದೆ. 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ದ್ರವ್ಯಗಳ ನಿಯಂತ್ರಣಕ್ಕಾಗಿ ಸಂಸತ್ತು ಮಾಡಿದ ಕಾಯ್ದೆ, ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು ಎನ್ನುತ್ತದೆ. ತುದಿಯ ಜೊತೆಗಿಲ್ಲದ ಎಲೆ ಮತ್ತು ಬೀಜಗಳನ್ನು ಹೊರಗಿಡುತ್ತದೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ಅರ್ಜಿಯೊಂದರಲ್ಲಿ, ಭಂಗ್ ಈ ಕಾಯ್ದೆಯ ವ್ಯಾಖ್ಯಾನದೊಳಗೆ ಬರುವುದಿಲ್ಲ ಎಂದದ್ದು ಈ ಆಧಾರದ ಮೇಲೆಯೇ. ಹಾಗೆಂದು ಭಂಗಿ ಎಲ್ಲೆಡೆ ಮುಕ್ತ ಎಂದು ತಿಳಿಯಬೇಡಿ. ರಾಜ್ಯಗಳ ಅಬಕಾರಿ ನಿಯಮಗಳು ಬೇರೆ ಇವೆ, ಗಿಡ ಬೆಳೆಸುವುದಕ್ಕೆ ಪರವಾನಗಿ ಇಲ್ಲದಿದ್ದರೆ ಅದೇ ಅಪರಾಧ.

ಪತ್ರಿಕೆಯಲ್ಲಿ 'ಹೊಲದಲ್ಲಿ ಬೆಳೆದಿದ್ದ ಹಸಿ ಗಾಂಜಾ ವಶ' ಎಂಬ ಸುದ್ದಿ ಓದುವಾಗ ಇನ್ನು ಮುಂದೆ ಸ್ವಲ್ಪ ನಿಲ್ಲಿ. ಬೇರುಸಹಿತ ಕಿತ್ತ ಗಿಡವನ್ನು ತೂಗಿದರೋ, ಹೂತುದಿಗಳನ್ನಷ್ಟೇ ಬಿಡಿಸಿ ತೂಗಿದರೋ? ಕಾನೂನಿನಲ್ಲಿ 1 ಕಿಲೋವರೆಗಿನ ಗಾಂಜಾ ಸಣ್ಣ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ಅಲ್ಲಿಗೆ ಶಿಕ್ಷೆ ಹತ್ತು ವರ್ಷದಿಂದ ಶುರುವಾಗುತ್ತದೆ, ಜಾಮೀನು ಸಿಗುವುದೂ ಕಷ್ಟ. ಕಾಂಡ, ಎಲೆ, ಬೇರಿನ ಮಣ್ಣು ಸೇರಿದ ತೂಕವೇ ಬೇರೆ, ಒಣಗಿದ ತುದಿಗಳ ತೂಕವೇ ಬೇರೆ. ವಕೀಲರು ನ್ಯಾಯಾಲಯಗಳಲ್ಲಿ ಮತ್ತೆ ಮತ್ತೆ ಎತ್ತುವ ಪ್ರಶ್ನೆ ಇದೇ: ತೂಕಕ್ಕೆ ಇಟ್ಟದ್ದು ಗಿಡದ ಯಾವ ಭಾಗ? ಪಾಣಿನಿಯ ಹೊಲದಿಂದ ಇಲ್ಲಿಯವರೆಗೆ ನಾವು ಕೇಳುತ್ತ ಬಂದದ್ದೂ ಅದನ್ನೇ.

ಇಷ್ಟು ದೂರ ಜೊತೆಗೆ ಬಂದಿದ್ದೀರಿ, ಮುಂದಿನ ಪದವನ್ನು ನೀವೇ ಎತ್ತಿಕೊಳ್ಳಬಹುದು. 'ಸೆಣಬು' ಒಳ್ಳೆಯ ಆಯ್ಕೆ. ಸಂಸ್ಕೃತದ ಶಣ, ಪಾಲಿಯ ಸಾಣ ನಿಮಗೆ ಆಗಲೇ ಸಿಕ್ಕಿವೆ. ಕೆಲವು ಕಡೆ ಸೆಣಬು ಎಂದರೆ ಗದ್ದೆಗೆ ಹಸಿರೆಲೆ ಗೊಬ್ಬರವಾಗಲೆಂದು ಬಿತ್ತುವ ಹಳದಿ ಹೂವಿನ ಗಿಡ. ಶಾಲೆಯ ಭೂಗೋಳ ಪುಸ್ತಕದಲ್ಲಿ ಸೆಣಬು ಎಂದರೆ ಬಂಗಾಳದಲ್ಲಿ ಬೆಳೆಯುವ, ಗೋಣಿಚೀಲದ ನಾರು ಕೊಡುವ ಗಿಡ. ಎರಡೂ ಬೇರೆ ಬೇರೆ ಕುಟುಂಬದ ಸಸ್ಯಗಳು. ಪುಂಡಿಯನ್ನೂ ಜೊತೆಗಿಟ್ಟುಕೊಳ್ಳಿ, ಆ ಜಾತಿಯ ನಾರುಗಿಡವೊಂದರ ಎಲೆ ಭಂಗಿ ಎಲೆಯಂತೆ ಸೀಳಿರುವುದನ್ನು ಕಂಡ ಲಿನೀಯಸ್ ಅದಕ್ಕೆ ಹಿಬಿಸ್ಕಸ್ ಕ್ಯಾನಬಿನಸ್ ಎಂದು ಹೆಸರಿಟ್ಟಿದ್ದಾನೆ. ನಿಮ್ಮ ಊರಿನ ರೈತರಲ್ಲಿ ಒಬ್ಬರನ್ನು, ಹಗ್ಗ ಹೊಸೆಯುವವರಲ್ಲಿ ಒಬ್ಬರನ್ನು, ಗೋಣಿಚೀಲದ ಅಂಗಡಿಯಲ್ಲಿ ಒಬ್ಬರನ್ನು ಕೇಳಿ. ಸೆಣಬು ಎಂದಾಗ ಅವರು ಯಾವ ಗಿಡದ ಯಾವ ಭಾಗವನ್ನು ತೋರಿಸುತ್ತಾರೆ ಎಂದು, ಊರಿನ ಹೆಸರಿನೊಂದಿಗೆ ಬರೆದಿಟ್ಟುಕೊಳ್ಳಿ. ನಿಘಂಟು ತೆರೆಯುವುದು ಆಮೇಲೆ.